ಬ್ಲೂಬರ್ಡ್ ಗೂಡುಪೆಟ್ಟಿಗೆಗೆ ಗುಬ್ಬಚ್ಚಿಗಳ ಕಾಟ: ಏನು ಮಾಡಬಹುದು?

ಪ್ರಶ್ನೆ: ಓಹಾಯೋ ಹಿತ್ತಿಲು

ನಾವು ಓಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ ವಾಸವಾಗಿದ್ದೇವೆ. ಹಿತ್ತಿಲಿನ ಕಂಬಕ್ಕೆ ಕೂರಿಸಿದ ಮರದ ಪೆಟ್ಟಿಗೆಯಲ್ಲಿ ಈ ವಸಂತದಲ್ಲಿ ಈಸ್ಟರ್ನ್ ಬ್ಲೂಬರ್ಡ್ ಜೋಡಿಯೊಂದು ಒಣಹುಲ್ಲಿನಿಂದ ಅಚ್ಚುಕಟ್ಟಾಗಿ ಗೂಡು ಕಟ್ಟಿ ತಿಳಿನೀಲಿ ಮೊಟ್ಟೆಗಳನ್ನು ಇಟ್ಟಿತ್ತು. ಮೊನ್ನೆ ನೋಡಿದರೆ ಮೊಟ್ಟೆಗಳು ಒಡೆದು ಕೆಳಗಿನ ಹುಲ್ಲಿನ ಮೇಲೆ ಬಿದ್ದಿದ್ದವು. ಪೆಟ್ಟಿಗೆಯ ನೆತ್ತಿಯಲ್ಲಿ ಗಂಡು ಗುಬ್ಬಚ್ಚಿಯೊಂದು ಕುಳಿತು ಎಡೆಬಿಡದೆ ಕೂಗುತ್ತಿತ್ತು. ಒಳಗೆ ಹಳೆಯ ಗೂಡಿನ ಮೇಲೆಯೇ ಒರಟು ಹುಲ್ಲು, ಪುಕ್ಕ, ಕಾಗದದ ಚೂರುಗಳ ರಾಶಿ ಬಿದ್ದಿತ್ತು.

ಗುಬ್ಬಚ್ಚಿ ಕಾಣೆಯಾಯಿತೆಂದು ಮರುಗಿ, ಸಜ್ಜೆಯ ಕೆಳಗೆ ರಟ್ಟಿನ ಡಬ್ಬಿ ಕಟ್ಟಿ ಕಾಯುವ ಬೆಂಗಳೂರಿನ ಮನೆಯಿಂದ ಬಂದವಳು ನಾನು. ಇಲ್ಲಿನ ನೆರೆಯವರು ಅದೇ ಹಕ್ಕಿಯ ಗೂಡನ್ನು ಕಿತ್ತೆಸೆಯಿರಿ ಎನ್ನುತ್ತಾರೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ಕೊಲ್ಲದೆ ತಡೆಯುವ ದಾರಿಗಳಿವೆಯೇ? ಊರಿನಿಂದ ಬಂದಿರುವ ನಮ್ಮ ಅತ್ತೆಯವರು ದಿನವೂ ಬೆಳಿಗ್ಗೆ ಅಂಗಳದಲ್ಲಿ ಹಿಡಿ ಅಕ್ಕಿ ಎರಚುತ್ತಾರೆ, ಅದನ್ನೂ ನಿಲ್ಲಿಸಬೇಕೇ?

ಉತ್ತರ: ನೀಲಿರೆಕ್ಕೆ

ಮೊದಲು ಕಾನೂನಿನ ಮಾತು. ಈ ಗುಬ್ಬಚ್ಚಿ ಅಮೆರಿಕದ್ದಲ್ಲ. 1850ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಿಂದ ತಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಿಟ್ಟ ಹಕ್ಕಿಗಳು, ಮುಂದೆ ಬೇರೆ ಊರುಗಳಲ್ಲಿ ಬಿಟ್ಟವುಗಳೊಡನೆ ಸೇರಿ, ಐವತ್ತು ವರ್ಷಗಳ ಆಸುಪಾಸಿನಲ್ಲಿ ಖಂಡದ ಬಹುಭಾಗವನ್ನು ಆವರಿಸಿದವು. ಆದ್ದರಿಂದ ವಲಸೆ ಹಕ್ಕಿಗಳನ್ನು ಕಾಯುವ 1918ರ ಒಕ್ಕೂಟ ಕಾಯಿದೆಯ ರಕ್ಷಣೆ, ಸ್ಟಾರ್ಲಿಂಗ್ ಮತ್ತು ಊರ ಪಾರಿವಾಳಗಳಿಗೆ ಇಲ್ಲದಂತೆ, ಇದಕ್ಕೂ ಇಲ್ಲ. ಅದೇ ಕಾಯಿದೆಯ ಪ್ರಕಾರ ಬ್ಲೂಬರ್ಡ್, ಟ್ರೀ ಸ್ವಾಲೋ, ಚಿಕಡೀ, ರೆನ್ ಮುಂತಾದ ದೇಶೀಯ ಹಕ್ಕಿಗಳ ಮೊಟ್ಟೆಗೆ ಕೈ ಹಾಕುವುದು ಅಪರಾಧ.

ಹಾಗಾಗಿ ಗುರುತು ಹಿಡಿಯುವುದೇ ಇಲ್ಲಿ ಅರ್ಧ ಕೆಲಸ. ಗಂಡಿಗೆ ಬೂದು ನೆತ್ತಿ, ಅದರ ಇಕ್ಕೆಲಗಳಲ್ಲಿ ಕಂದು ಬಣ್ಣ, ಬಿಳಿಚಿದ ಕೆನ್ನೆ, ಗಂಟಲಿನಲ್ಲಿ ಕಪ್ಪು ಮಚ್ಚೆ ಇರುತ್ತವೆ. ಹೆಣ್ಣು ಮಾಸಲು ಬಣ್ಣದ್ದಾದ್ದರಿಂದ ಅದನ್ನೊಂದೇ ನೋಡಿ ತೀರ್ಮಾನಿಸಬೇಡಿ. ಪುಕ್ಕ ಕಂಡ ಮಾತ್ರಕ್ಕೆ ಗುಬ್ಬಚ್ಚಿಯ ಗೂಡೆನ್ನುವಂತೆಯೂ ಇಲ್ಲ, ಏಕೆಂದರೆ ಟ್ರೀ ಸ್ವಾಲೋ ಕೂಡ ಗೂಡಿಗೆ ಪುಕ್ಕ ಹಾಸುತ್ತದೆ. ಸ್ವಾಲೋ ಮೊಟ್ಟೆ ಅಚ್ಚ ಬಿಳಿ. ಗುಬ್ಬಚ್ಚಿಯದು ಬಿಳಿ ಅಥವಾ ಬೂದು ಮೈಯ ಮೇಲೆ ಕಂದು ಚುಕ್ಕೆಗಳುಳ್ಳದ್ದು.

ಇನ್ನು ಗೂಡನ್ನು ಕೀಳುವ ವಿಚಾರ. ಗಂಡು ಗುಬ್ಬಚ್ಚಿ ಸಂಗಾತಿಗಿಂತ ಹೆಚ್ಚಾಗಿ ಜಾಗಕ್ಕೆ ಅಂಟಿಕೊಳ್ಳುತ್ತದೆ. ಕಿತ್ತ ಮರುದಿನವೇ ಅದು ಮತ್ತೆ ಕಟ್ಟತೊಡಗುತ್ತದೆ. ಕೆಲವೊಮ್ಮೆ ಪಕ್ಕದ ಪೆಟ್ಟಿಗೆಗೆ ನುಗ್ಗಿ ಅಲ್ಲಿನ ಮರಿಗಳನ್ನೂ ಕಾವಿಗೆ ಕುಳಿತ ತಾಯಿಯನ್ನೂ ತಲೆಗೆ ಕುಕ್ಕಿ ಕೊಲ್ಲುತ್ತದೆ. ಆದ್ದರಿಂದ ಗೂಡನ್ನು ಹಾಗೆಯೇ ಬಿಟ್ಟು, ಮೊಟ್ಟೆಗಳೆಲ್ಲ ಇಟ್ಟು ಮುಗಿದ ಮೇಲೆ ಅವುಗಳಿಗೆ ಅಡುಗೆಯ ಜೋಳದೆಣ್ಣೆ ಸವರಿ ಅಲ್ಲೇ ಇಡುವುದು ಮೇಲು. ಚಿಪ್ಪಿನ ರಂಧ್ರಗಳು ಮುಚ್ಚಿ ಒಳಗೆ ಗಾಳಿ ಹೋಗದೆ ಮೊಟ್ಟೆ ಬೆಳೆಯುವುದಿಲ್ಲ. ಜೋಡಿ ಮಾತ್ರ ಕಾವು ಕೊಡುತ್ತಾ ಅಲ್ಲಿಯೇ ಉಳಿಯುತ್ತದೆ. ಅಷ್ಟರಲ್ಲಿ ಬ್ಲೂಬರ್ಡ್‌ಗಳಿಗೆ ದೂರದಲ್ಲಿ ಇನ್ನೊಂದು ಪೆಟ್ಟಿಗೆ ಹಾಕಿಕೊಡಿ. ಮೊದಲ ಗೂಡು ಹಾಳಾದರೆ ಅವು ಅದೇ ಋತುವಿನಲ್ಲಿ ಮತ್ತೆ ಪ್ರಯತ್ನಿಸುವುದು ಸಾಮಾನ್ಯ.

ಆ ಪೆಟ್ಟಿಗೆಯಲ್ಲಿ ಬ್ಲೂಬರ್ಡ್ ಮೊದಲ ಮೊಟ್ಟೆ ಇಟ್ಟ ಕೂಡಲೇ ಹೊಳೆಯುವ ಮೈಲಾರ್ (ತೆಳು ಪ್ಲಾಸ್ಟಿಕ್ ಹಾಳೆ) ಪಟ್ಟಿಗಳ ಬೆದರುಗಂಬ ನಿಲ್ಲಿಸಿ. ಪಟ್ಟಿಗಳ ತುದಿ ಗಾಳಿಗೆ ಅಲುಗಿ ಪೆಟ್ಟಿಗೆಯ ಮಾಡನ್ನು ಸವರುವಂತಿರಬೇಕು. ಮೊಟ್ಟೆಗಿಂತ ಮೊದಲೇ ಕಟ್ಟಿದರೆ ಬ್ಲೂಬರ್ಡೇ ಹೆದರಿ ಬಿಟ್ಟುಹೋಗಬಹುದು. ಮೊಟ್ಟೆಯ ಸೆಳೆತ ಹುಟ್ಟಿದ ಮೇಲೆ ಅದು ಹೊಂದಿಕೊಳ್ಳುತ್ತದೆ, ಗುಬ್ಬಚ್ಚಿ ಸಾಮಾನ್ಯವಾಗಿ ಹತ್ತಿರ ಬರುವುದಿಲ್ಲ. ಮರಿಗಳು ಹಾರಿದ ದಿನವೇ ಅದನ್ನು ಬಿಚ್ಚಿಡಿ, ಇಲ್ಲವಾದರೆ ಗುಬ್ಬಚ್ಚಿಗೂ ಅದು ರೂಢಿಯಾಗಿಬಿಡುತ್ತದೆ.

ಉತ್ತರ: ಕುಸುಬೆ ಹೊಲ

ಅತ್ತೆಯವರ ಅಕ್ಕಿಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು. ಅಕ್ಕಿ, ಬ್ರೆಡ್ಡಿನ ಚೂರು, ಜೋಳದ ನುಚ್ಚು, ಅಗ್ಗದ ಮಿಶ್ರಣಗಳಲ್ಲಿ ಬರುವ ಬರಗು ಇವೆಲ್ಲ ಗುಬ್ಬಚ್ಚಿಗೆ ಅಚ್ಚುಮೆಚ್ಚು. ನೆಲದ ಮೇಲೆ ಕಾಳು ಬಿದ್ದಿರುವಷ್ಟು ದಿನ ಯಾವ ಪಟ್ಟಿ ಕಟ್ಟಿದರೂ ಹಿಂಡು ನಿಮ್ಮ ಅಂಗಳ ಬಿಡದು. ನಮ್ಮ ವಿಜಯಪುರದ ಕಡೆ ಬೆಳೆಯುವ ಕುಸುಬೆ ಇಲ್ಲಿ ಸ್ಯಾಫ್ಲವರ್ ಎಂಬ ಹೆಸರಿನಲ್ಲಿ ಚೀಲಗಳಲ್ಲಿ ಸಿಗುತ್ತದೆ. ಕಾರ್ಡಿನಲ್ ಮತ್ತು ಚಿಕಡೀಗಳು ಅದನ್ನು ಒಡೆದು ತಿನ್ನುತ್ತವೆ, ಗುಬ್ಬಚ್ಚಿ ಅಷ್ಟಾಗಿ ಮುಟ್ಟುವುದಿಲ್ಲ. ಅತ್ತೆಯವರ ಕೈಗೆ ಅದನ್ನೇ ಕೊಟ್ಟು, ಎರಚುವ ಬದಲು ತೂಗುಬುಟ್ಟಿಗೆ ತುಂಬಿಸಲು ಹೇಳಿ. ಬೆಳಗಿನ ಕಾಯಕವೂ ತಪ್ಪುವುದಿಲ್ಲ.

ಪೆಟ್ಟಿಗೆಯ ಜಾಗವನ್ನೂ ಗಮನಿಸಿ. ಮನೆ, ಕೊಟ್ಟಿಗೆ, ಪೊದೆಗಳ ಪಕ್ಕದಲ್ಲಿದ್ದರೆ ಗುಬ್ಬಚ್ಚಿಗೆ ಅನುಕೂಲ. ಬಯಲಿನ ಕಡೆಗೆ ಎಷ್ಟು ಸರಿಸಲು ಸಾಧ್ಯವೋ ಅಷ್ಟು ಒಳ್ಳೆಯದು. ಬ್ಲೂಬರ್ಡ್‌ಗೆ ಬೇಕಾದ 1½ ಇಂಚಿನ ಕಿಂಡಿಯಲ್ಲಿ ಗುಬ್ಬಚ್ಚಿಯೂ ತೂರುತ್ತದೆ, ಅದಕ್ಕೆ ಪರಿಹಾರವಿಲ್ಲ. ಹಿತ್ತಿಲು ಚಿಕ್ಕದಾಗಿದ್ದರೆ ಬ್ಲೂಬರ್ಡಿನ ಆಸೆ ಬಿಟ್ಟು 1⅛ ಇಂಚಿನ ಕಿಂಡಿ ಇಟ್ಟುಬಿಡಿ: ಚಿಕಡೀ, ರೆನ್ ಬರುತ್ತವೆ, ಗುಬ್ಬಚ್ಚಿ ಒಳಗೆ ಹೋಗಲಾರದು.

ಉತ್ತರ: ಹಳೆ ಮಲ್ಲೇಶ್ವರ

ವಿಷ, ಅಂಟು, ಬಂದೂಕು ಎಂದು ಕೆಲವರು ಹೇಳುವುದುಂಟು. ಇದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಷ್ಟೇ ಅಲ್ಲ, ಆ ಅಸ್ತ್ರ ಬೇರೆ ಹಕ್ಕಿಗಳಿಗೂ ತಗಲುತ್ತದೆ. ಪೆಟ್ಟಿಗೆಯೊಳಗೆ ಇಡುವ ಬಲೆಗಳನ್ನು ಅನುಭವಿಗಳು ಬಳಸುತ್ತಾರೆ, ಆದರೆ ಅದನ್ನು ಗಂಟೆಗೊಮ್ಮೆಯಾದರೂ ನೋಡಬೇಕು, ಕತ್ತಲಾಗುವ ಮೊದಲು ತೆಗೆಯಬೇಕು; ಬ್ಲೂಬರ್ಡ್ ಸಿಕ್ಕಿಬಿದ್ದರೆ ತಕ್ಷಣ ಬಿಡಬೇಕು. ಕಚೇರಿಗೆ ಹೋಗುವವರು ಬಲೆಯನ್ನು ಯೋಚಿಸಲೇಬಾರದು. ಹಿಡಿದ ಗುಬ್ಬಚ್ಚಿಯನ್ನು ಬೇರೆ ಊರಿನಲ್ಲಿ ಬಿಟ್ಟುಬರುವುದು ದಯೆಯಂತೆ ಕಂಡರೂ ಅಲ್ಲಿನ ಬ್ಲೂಬರ್ಡ್‌ಗಳಿಗೆ ಅದೇ ಕಾಟವನ್ನು ದಾಟಿಸಿದಂತೆ.

ನನ್ನ ಅಭಿಪ್ರಾಯದಲ್ಲಿ ವಾರಕ್ಕೊಮ್ಮೆ ತೆರೆದು ನೋಡಲಾಗದ ಪೆಟ್ಟಿಗೆಯನ್ನು ಹಾಕದಿರುವುದೇ ಒಳ್ಳೆಯದು. ಗುಬ್ಬಚ್ಚಿಗೆ ಮನೆ ಕೊಟ್ಟರೆ ಅದು ಒಂದೇ ಋತುವಿನಲ್ಲಿ ಎರಡು ಮೂರು ಬಾರಿ ಮರಿ ಮಾಡುತ್ತದೆ. ಈ ಉಪಾಯಗಳನ್ನು ಓದುತ್ತಿರುವ ಬೆಂಗಳೂರಿನ ಮಿತ್ರರಿಗೆ ಒಂದು ಮಾತು: ನಮ್ಮ ಊರಿನಲ್ಲಿ ಅದು ದೇಶೀಯ ಹಕ್ಕಿ, ಇದಾವುದನ್ನೂ ಅಲ್ಲಿ ಪ್ರಯೋಗಿಸಬೇಡಿ.

ಪ್ರಶ್ನೆ ಕೇಳಿದವರು: ಓಹಾಯೋ ಹಿತ್ತಿಲು

ಎಲ್ಲರಿಗೂ ಧನ್ಯವಾದಗಳು. ಗುಬ್ಬಚ್ಚಿ ಇನ್ನೂ ಮೊಟ್ಟೆ ಇಟ್ಟಿಲ್ಲ. ಎಣ್ಣೆ ಸವರಲು ಮೊಟ್ಟೆಗಳೆಲ್ಲ ಮುಗಿದಿವೆಯೆಂದು ತಿಳಿಯುವುದು ಹೇಗೆ?

ಉತ್ತರ: ನೀಲಿರೆಕ್ಕೆ

ಹೆಣ್ಣು ದಿನಕ್ಕೊಂದರಂತೆ ಇಡುತ್ತದೆ. ಎರಡು ದಿನ ಸತತವಾಗಿ ಎಣಿಕೆ ಹೆಚ್ಚದಿದ್ದರೆ ಮುಗಿಯಿತೆಂದು ತಿಳಿದು, ತಡಮಾಡದೆ ಸವರಿ. ಸವರದೆ ಬಿಟ್ಟರೆ ಹತ್ತು-ಹನ್ನೆರಡು ದಿನಗಳಲ್ಲಿ ಮರಿ ಒಡೆಯುತ್ತದೆ.