ಒಂದೇ ವರ್ಷದಲ್ಲಿ ಕ್ಯಾಪ್ಟನ್‌ನಿಂದ ಜನರಲ್: ಲಕ್ಲೇರ್‌ಗೆ ಈ ಬಡ್ತಿ ಹೇಗೆ ಸಿಕ್ಕಿತು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನಾನು ಓದಲು ಬಂದು ಪ್ಯಾರಿಸ್‌ನ ದಕ್ಷಿಣ ಭಾಗದಲ್ಲಿ, ಅಲೇಜಿಯಾ ಮೆಟ್ರೋ ಹತ್ತಿರ ಇದ್ದೇನೆ. ದಿನಾ ಓಡಾಡುವ ದೊಡ್ಡ ರಸ್ತೆಯ ಹೆಸರು ಜನರಲ್ ಲಕ್ಲೇರ್ ಅವೆನ್ಯೂ. ಇಲ್ಲಿ ಲಕ್ಲೇರ್ ಅಂತ ಸೂಪರ್‌ಮಾರ್ಕೆಟ್‌ಗಳೂ ಇವೆ. ಅದೇ ಮನೆತನ ಇರಬಹುದು ಅಂದುಕೊಂಡಿದ್ದೆ, ಆದರೆ ಸಂಬಂಧವೇ ಇಲ್ಲವಂತೆ. ರಸ್ತೆ ಮುಗಿಯುವ ಕಡೆ, ಪ್ಯಾರಿಸ್‌ನ ದಕ್ಷಿಣ ಬಾಗಿಲಾದ ಪೋರ್ತ್ ದೋರ್ಲೆಆಂ ಹತ್ತಿರ, ಎರಡನೇ ಮಹಾಯುದ್ಧದ ಈ ಫ್ರೆಂಚ್ ಜನರಲ್ ಅವರ ಪ್ರತಿಮೆ ಇದೆ. ನೋಡಿದ ಮೇಲೆ ಇವರ ಬಗ್ಗೆ ಸ್ವಲ್ಪ ಓದಲು ಶುರು ಮಾಡಿದೆ. ಆಮೇಲೆ ಬಿಡಲು ಆಗುತ್ತಿಲ್ಲ.

ನನ್ನ ಪ್ರಶ್ನೆ ಇದು. 1940ರ ಮೇ ತಿಂಗಳಲ್ಲಿ ಇವರು ಬರೀ ಕ್ಯಾಪ್ಟನ್. 1941ರ ಆಗಸ್ಟ್‌ಗೆ ಬ್ರಿಗೇಡಿಯರ್ ಜನರಲ್! ನಮ್ಮ ಸೋದರಮಾವ ಸೇನೆಯಲ್ಲಿದ್ದರು, ಅವರಿಗೆ ಕ್ಯಾಪ್ಟನ್‌ನಿಂದ ಕರ್ನಲ್ ಆಗಲು ಎಷ್ಟು ವರ್ಷ ಹಿಡಿಯಿತು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಯುದ್ಧದ ಕಾಲ ಅಂದರೂ ಇದು ಜಾಸ್ತಿ ಆಯಿತು ಅನಿಸುತ್ತದೆ. ಇವರಿಗೆ ನಿಜವಾಗಿ ಅಷ್ಟು ಯೋಗ್ಯತೆ ಇತ್ತಾ, ಅಥವಾ ಜರ್ಮನಿಗೆ ಸೋತು ಕುಳಿತಿದ್ದ ಫ್ರಾನ್ಸ್‌ಗೆ ಒಬ್ಬ ವೀರ ಬೇಕಾಗಿದ್ದರಿಂದ ಹೀಗಾಯಿತಾ? ತಿಳಿದವರು ಹೇಳಿ.

ಹಳೇ ಫೌಜಿ:

ತಂಗಿ, ಒಳ್ಳೆಯ ಪ್ರಶ್ನೆ. ನಾನು ಸೇನೆಯಲ್ಲಿದ್ದು ನಿವೃತ್ತನಾದವನು. ಮಿಲಿಟರಿ ಇತಿಹಾಸ ಓದುವುದು ಹಳೆಯ ಚಟ.

ಮೊದಲು ಹೆಸರಿನ ವಿಷಯ. ಅವರ ನಿಜವಾದ ಹೆಸರು ಫಿಲಿಪ್ ದ ಓತ್‌ಕ್ಲೋಕ್. ಉತ್ತರ ಫ್ರಾನ್ಸ್‌ನ ಪಿಕಾರ್ಡಿಯ ಹಳೆಯ ಜಮೀನ್ದಾರಿ ಮನೆತನ, ಹುಟ್ಟಿದ್ದು 1902ರ ನವೆಂಬರ್ 22ಕ್ಕೆ. ಲಕ್ಲೇರ್ ಅನ್ನುವುದು 1940ರಲ್ಲಿ ಲಂಡನ್ ಸೇರಿದಾಗ ಇಟ್ಟುಕೊಂಡ ಹೆಸರು. ಅವರ ಪಿಕಾರ್ಡಿ ಕಡೆ ನಮ್ಮಲ್ಲಿ ಗೌಡ, ಪಾಟೀಲ ಇದ್ದ ಹಾಗೆ ಎಲ್ಲೆಲ್ಲೂ ಕೇಳುವ ಹೆಸರು. ಹೆಂಡತಿ ಮತ್ತು ಆರು ಮಕ್ಕಳು ಫ್ರಾನ್ಸ್‌ನಲ್ಲೇ ಉಳಿದಿದ್ದರು. ನಿಜವಾದ ಹೆಸರಲ್ಲಿ ಹೋರಾಡಿದರೆ ಜರ್ಮನ್ನರು ಅವರನ್ನು ಬಿಡುತ್ತಿರಲಿಲ್ಲ.

ಈಗ ಬಡ್ತಿ. ಸೇಂಟ್ ಸಿರ್ ಮಿಲಿಟರಿ ಶಾಲೆ, ಆಮೇಲೆ ಸೋಮ್ಯೂರ್‌ನ ಅಶ್ವದಳ ಶಾಲೆ, ಆಮೇಲೆ ಮೊರಾಕ್ಕೊ. ಇಲ್ಲಿಯವರೆಗೆ ಎಲ್ಲರಂತೆಯೇ. ಆದರೆ ಮನುಷ್ಯ ಸುಮ್ಮನೆ ಕೂರುವವರಲ್ಲ. 1933ರಲ್ಲಿ ಸೇಂಟ್ ಸಿರ್‌ನಲ್ಲಿ ಪಾಠ ಹೇಳುತ್ತಿದ್ದಾಗ, ಮೊರಾಕ್ಕೊದಲ್ಲಿ ಕಾಳಗ ನಡೆಯುತ್ತಿದೆ ಅಂತ ಕೇಳಿ ಬೇಸಿಗೆ ರಜೆಯಲ್ಲಿ ಯಾರೂ ಕಳಿಸದೆ ತಾವೇ ಹೋಗಿ ಅದರಲ್ಲಿ ಸೇರಿಕೊಂಡರು. ಆಮೇಲೆ ಕುದುರೆಯಿಂದ ಬಿದ್ದು ಕಾಲು ಮುರಿಯಿತು. ಫೋಟೋಗಳಲ್ಲಿ ಸದಾ ಕೈಯಲ್ಲಿರುವ ಆ ಬೆತ್ತ ಅಂದಿನಿಂದ ಬಂದಿದ್ದು.

1940ರಲ್ಲಿ ಜರ್ಮನ್ನರಿಗೆ ಎರಡು ಸಲ ಸಿಕ್ಕಿಬಿದ್ದರು, ಎರಡು ಸಲವೂ ತಪ್ಪಿಸಿಕೊಂಡರು. ನಡುವೆ ತಲೆಗೆ ಗಾಯವೂ ಆಗಿತ್ತು. ಸ್ಪೇನ್, ಪೋರ್ಚುಗಲ್ ದಾಟಿ ಜುಲೈ 25ಕ್ಕೆ ಲಂಡನ್. ಅಲ್ಲಿ ಜರ್ಮನ್ನರಿಗೆ ಶರಣಾಗದೆ ಹೋರಾಟ ಮುಂದುವರಿಸಿದ್ದ ಡಿ ಗಾಲ್ ಹತ್ತಿರ ಇದ್ದಿದ್ದು ಬೆರಳೆಣಿಕೆಯಷ್ಟು ಅಧಿಕಾರಿಗಳು. ಡಿ ಗಾಲ್ ಅವರೇ ಜೂನ್‌ನಲ್ಲಷ್ಟೇ ಬ್ರಿಗೇಡಿಯರ್ ಜನರಲ್ ಆಗಿದ್ದವರು, ಅದೂ ತಾತ್ಕಾಲಿಕ. ಲಕ್ಲೇರ್ ಅವರನ್ನು ಮೇಜರ್ ಮಾಡಿ ಆಫ್ರಿಕಾಕ್ಕೆ ಕಳಿಸಿದರು.

ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ಆಗಸ್ಟ್ 26ರ ರಾತ್ರಿ ಇಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಜನ ದೋಣಿಗಳಲ್ಲಿ ಹುಟ್ಟು ಹಾಕಿಕೊಂಡು ಕ್ಯಾಮರೂನ್‌ನ ಡುವಾಲಾ ಕಡೆ ಹೊರಟರು. ಕ್ಯಾಮರೂನ್ ಆಗ ಫ್ರೆಂಚರ ಕೈಯಲ್ಲಿತ್ತು, ಜರ್ಮನ್ನರಿಗೆ ಶರಣಾಗಿದ್ದ ಫ್ರೆಂಚ್ ಸರ್ಕಾರದ ಅಧೀನದಲ್ಲಿತ್ತು. ಅಲ್ಲಿನ ಸೇನಾ ಅಧಿಕಾರಿ ಹುದ್ದೆಯಲ್ಲಿ ಮೇಜರ್‌ಗಿಂತ ದೊಡ್ಡವರು. ಮೇಜರ್ ಹೋಗಿ ಆಜ್ಞೆ ಕೊಟ್ಟರೆ ಯಾರು ಕೇಳುತ್ತಾರೆ? ಅದಕ್ಕೆ ಲಕ್ಲೇರ್ ತಮ್ಮ ನಾಲ್ಕು ಪಟ್ಟಿಗೆ ಐದನೇ ಪಟ್ಟಿ ಸೇರಿಸಿಕೊಂಡು ತಾವೇ ಕರ್ನಲ್ ಆದರು. ಬೆಳಗಾಗುವಷ್ಟರಲ್ಲಿ ಡುವಾಲಾ ಕೈಗೆ ಬಂತು, ಗುಂಡು ಹಾರಿಸದೆ. ಡಿ ಗಾಲ್ ಆಮೇಲೆ ಆ ಹುದ್ದೆಯನ್ನು ಒಪ್ಪಿಕೊಂಡರು.

ಅಂದರೆ ಆ ಬಡ್ತಿಯಲ್ಲಿ ಒಂದು ಮೆಟ್ಟಿಲು ಅವರೇ ಕಟ್ಟಿಕೊಂಡಿದ್ದು. ನಾನು ಮೂವತ್ತು ವರ್ಷ ಸಮವಸ್ತ್ರ ಹಾಕಿದವನು, ಇದನ್ನು ಬೇರೆ ಯಾರು ಮಾಡಿದ್ದರೂ ತಪ್ಪು ಅಂತಲೇ ಹೇಳುತ್ತಿದ್ದೆ. ಆದರೆ ಅವತ್ತು ಅದರಿಂದ ರಕ್ತ ಹರಿಯುವುದು ತಪ್ಪಿತು. ಅದಕ್ಕೇ ಅವರನ್ನು ಮೆಚ್ಚುತ್ತೇನೆ.

ಮರಳುದಾರಿ:

ಫೌಜಿ ಸರ್, ಚೆನ್ನಾಗಿ ಹೇಳಿದಿರಿ. ಆದರೆ ಜನರಲ್ ನಕ್ಷತ್ರ ಬಂದಿದ್ದು ಕುಫ್ರಾದಿಂದ. ಅದನ್ನು ಬಿಟ್ಟರೆ ಕಥೆ ಅರ್ಧ.

ಕುಫ್ರಾ ಅಂದರೆ ಲಿಬಿಯಾದ ಆಗ್ನೇಯ ಮೂಲೆಯ ಓಯಸಿಸ್. ಜರ್ಮನಿಯ ಕಡೆಗಿದ್ದ ಇಟಲಿಯ ಕೋಟೆ, ವಿಮಾನ ನಿಲ್ದಾಣ ಎರಡೂ ಅಲ್ಲಿದ್ದವು. ಲಕ್ಲೇರ್ ಲಿಬಿಯಾದ ದಕ್ಷಿಣಕ್ಕಿದ್ದ ಫ್ರೆಂಚ್ ವಸಾಹತು ಚಾಡ್‌ನಿಂದ ನೂರಾರು ಕಿಲೋಮೀಟರ್ ಮರಳುಗಾಡು ದಾಟಿ ಸುಮಾರು 400 ಜನರನ್ನು ಕರೆದುಕೊಂಡು ಹೋದರು. ಹಳೆಯ ಲಾರಿಗಳು, ಲೆಕ್ಕ ಹಾಕಿ ಕುಡಿಯುವ ನೀರು. ಕೋಟೆ ಒಡೆಯಲು ಇದ್ದಿದ್ದು 75 ಮಿಲಿಮೀಟರಿನ ಒಂದೇ ಒಂದು ಫಿರಂಗಿ. ಆ ಒಂದನ್ನೇ ಜಾಗ ಬದಲಿಸಿ ಬದಲಿಸಿ ಹಾರಿಸಿದರು. ಒಳಗಿದ್ದವರಿಗೆ ಹೊರಗೆ ಎಷ್ಟು ಫಿರಂಗಿ, ಎಷ್ಟು ಜನ ಇದ್ದಾರೆ ಅಂತ ಕೊನೆಯವರೆಗೂ ಗೊತ್ತಾಗಲಿಲ್ಲ. 1941ರ ಮಾರ್ಚ್ 1ರಂದು ಕೋಟೆ ಶರಣಾಯಿತು. ಫ್ರಾನ್ಸ್ ಸೋತ ಮೇಲೆ ಫ್ರೆಂಚ್ ತುಕಡಿಯೊಂದು ಆಫ್ರಿಕಾದ ಫ್ರೆಂಚ್ ನೆಲದಿಂದ ತಾನೇ ಹೊರಟು ಶತ್ರುವಿನ ನೆಲೆಯನ್ನು ಗೆದ್ದಿದ್ದು ಅದೇ ಮೊದಲು. ಹಾಗಾಗಿ ಜಾಗ ಸಣ್ಣದಾದರೂ ಹೆಸರು ದೊಡ್ಡದಾಯಿತು.

ಮಾರನೆಯ ದಿನ ಸೈನಿಕರನ್ನು ನಿಲ್ಲಿಸಿ ಒಂದು ಪ್ರತಿಜ್ಞೆ ಮಾಡಿಸಿದರು. ನಮ್ಮ ಬಾವುಟ ಸ್ಟ್ರಾಸ್‌ಬರ್ಗ್‌ ಕೆಥೆಡ್ರಲ್ ಮೇಲೆ ಹಾರುವ ತನಕ ಆಯುಧ ಕೆಳಗಿಡುವುದಿಲ್ಲ ಅಂತ. ಒಂದು ಸಲ ಯೋಚಿಸಿ. ಸಹಾರಾದ ನಡುವೆ, ಹರಿದ ಬಟ್ಟೆಯಲ್ಲಿ ನಿಂತವರು ಜರ್ಮನಿ ಗಡಿಯ ಊರಿನ ಹೆಸರು ಹೇಳಿ ಆಣೆ ಇಡುತ್ತಿದ್ದಾರೆ. ಅವತ್ತು ಕೇಳಿದವರಿಗೆ ಹುಚ್ಚು ಅನಿಸಿರಬೇಕು. 1944ರ ನವೆಂಬರ್ 23ರಂದು ಆ ಬಾವುಟ ಆ ಗೋಪುರದ ಮೇಲೆ ಹಾರಿತು. 142 ಮೀಟರ್ ಎತ್ತರದ ಗೋಪುರ ಅದು. ನಾನು ಅಲ್ಲಿಗೆ ಹೋದಾಗ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುತ್ತಾ ನಿಂತಿದ್ದೆ.

ತುಂಗಾತೀರ ಅವರೇ, ನೀವಿರುವ ಜಾಗದ ಕಥೆಯನ್ನೂ ಹೇಳಿಬಿಡುತ್ತೇನೆ. 1944ರ ಆಗಸ್ಟ್‌ನಲ್ಲಿ ಲಕ್ಲೇರ್ ಕೈಕೆಳಗೆ 2ನೇ ಆರ್ಮರ್ಡ್ ಡಿವಿಷನ್ ಇತ್ತು, ಸುಮಾರು 16,000 ಜನ, ಅಮೆರಿಕದ ಶರ್ಮನ್ ಟ್ಯಾಂಕ್‌ಗಳು. ಮೇಲಿದ್ದವರು ಅಮೆರಿಕನ್ ಜನರಲ್‌ಗಳು. ಪ್ಯಾರಿಸ್‌ನಲ್ಲಿ ಜನ ಆಗಲೇ ಜರ್ಮನ್ನರ ವಿರುದ್ಧ ಎದ್ದಿದ್ದರು. ಅಮೆರಿಕನ್ನರಿಗೆ ಪ್ಯಾರಿಸ್ ಒಳಗೆ ಹೋಗದೆ ಸುತ್ತು ಹಾಕಿ ಮುಂದೆ ಹೋಗುವ ಆಸೆ. ಲಕ್ಲೇರ್ ಅಪ್ಪಣೆಗೆ ಕಾಯದೆ 21ರಂದೇ ಒಂದು ಸಣ್ಣ ತುಕಡಿಯನ್ನು ಪ್ಯಾರಿಸ್ ಕಡೆ ಕಳಿಸಿದರು, ಬೈಸಿಕೊಂಡರು. ಅಪ್ಪಣೆ ಬಂದಿದ್ದು ಮರುದಿನ.

24ರ ಸಂಜೆ, ನಗರದ ದಕ್ಷಿಣಕ್ಕೆ ಕ್ರುವಾ ದ ಬೆರ್ನಿ ಅನ್ನುವ ಕೂಡುರಸ್ತೆ. ಡಿವಿಷನ್ ಇಡೀ ದಿನ ಕಾದಾಡಿ ದಣಿದಿದೆ. ಕತ್ತಲಾಗುತ್ತಿದೆ. ಹಿಂದಕ್ಕೆ ಬಾ ಅಂತ ಮೇಲಿನವರು ಹೇಳಿದ್ದರಿಂದ ವಾಪಸ್ ಬರುತ್ತಿದ್ದ ಕ್ಯಾಪ್ಟನ್ ದ್ರೋನ್ ಅಲ್ಲಿ ಲಕ್ಲೇರ್ ಕಣ್ಣಿಗೆ ಬಿದ್ದರು. ದಾರಿ ತೆರೆದಿದೆ ಅಂತ ಗೊತ್ತಿದ್ದೂ ಹಿಂದೆ ಬರುವ ಆಜ್ಞೆಯನ್ನು ಯಾಕೆ ಪಾಲಿಸಿದೆ ಅಂತ ಗದರಿದರು. ಇರುವವರನ್ನು ಕಟ್ಟಿಕೊಂಡು ನೇರ ಪ್ಯಾರಿಸ್‌ಗೆ ನುಗ್ಗು, ಬೆಳಿಗ್ಗೆ ನಾವು ಬರುತ್ತೇವೆ ಅಂತ ಜನರಿಗೆ ಹೇಳು ಅಂದರು. ರಾತ್ರಿ ಒಂಬತ್ತೂವರೆ ಒಳಗೆ ದ್ರೋನ್ ನಗರಸಭೆಯ ಮುಂದೆ ನಿಂತಿದ್ದರು. ಊರಿನ ಚರ್ಚುಗಳ ಗಂಟೆಗಳೆಲ್ಲ ಬಾರಿಸತೊಡಗಿದವು. ಮಾರನೆಯ ದಿನ, 25ರಂದು, ಲಕ್ಲೇರ್ ಪೋರ್ತ್ ದೋರ್ಲೆಆಂ ಮೂಲಕವೇ ಒಳಗೆ ಬಂದಿದ್ದು. ಪ್ರತಿಮೆ ಅಲ್ಲಿರುವುದಕ್ಕೆ ಕಾರಣ ಅದು. ನೀವು ತರಕಾರಿ ಚೀಲ ಹಿಡಿದು ನಡೆಯುವ ರಸ್ತೆಯಲ್ಲೇ ಅವರು ಬಂದಿದ್ದು.

ಇರುಳುಹಕ್ಕಿ:

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಲೇಬೇಕು. ಕುಫ್ರಾದಲ್ಲಿ ಆಣೆ ಇಟ್ಟವರಲ್ಲಿ ಬಹಳಷ್ಟು ಜನ ಆಫ್ರಿಕನ್ನರು, ಚಾಡ್ ಕಡೆಯ ಕಪ್ಪು ಸೈನಿಕರು. ಲಿಬಿಯಾದ ಫೆಜ್ಜಾನ್ ಪ್ರದೇಶ ಗೆದ್ದಾಗಲೂ, ಟ್ರಿಪೋಲಿಗೆ ಹೋಗಿ ಬ್ರಿಟಿಷ್ ಸೇನಾಪತಿ ಮಾಂಟ್‌ಗೊಮರಿಯನ್ನು ಕೂಡಿಕೊಂಡಾಗಲೂ ಅವರೇ ಜೊತೆಗಿದ್ದರು. 1943ರಲ್ಲಿ ಮೊರಾಕ್ಕೊದಲ್ಲಿ ಅದೇ ಪಡೆಯನ್ನು 2ನೇ ಆರ್ಮರ್ಡ್ ಡಿವಿಷನ್ ಮಾಡುವಾಗ ಕಪ್ಪು ಸೈನಿಕರನ್ನು ತೆಗೆದು ಬಿಳಿಯರನ್ನು ತುಂಬಿದರು. ಅಮೆರಿಕದ ಸೇನೆಯಲ್ಲಿ ಆಗ ಕಪ್ಪು ಬಿಳಿ ಬೇರೆ ಬೇರೆ. ಪ್ಯಾರಿಸ್‌ಗೆ ಹೋಗುವ ಡಿವಿಷನ್ ಬಿಳಿಯರದ್ದೇ ಆಗಿರಬೇಕು ಅನ್ನುವುದು ಅಮೆರಿಕ ಮತ್ತು ಬ್ರಿಟಿಷ್ ಅಧಿಕಾರಿಗಳ ಪಟ್ಟು. ಫ್ರೆಂಚರು ಒಪ್ಪಿಕೊಂಡರು.

ದ್ರೋನ್ ಜೊತೆ ಆ ರಾತ್ರಿ ನಗರಸಭೆ ತಲುಪಿದ 9ನೇ ಕಂಪನಿಯಲ್ಲಿ ಹೆಚ್ಚಿನವರು ಸ್ಪೇನಿನವರು. ಸ್ಪೇನಿನ ಅಂತರ್ಯುದ್ಧದಲ್ಲಿ ಫ್ರಾಂಕೊ ಎದುರು ಸೋತು ದೇಶ ಬಿಟ್ಟು ಬಂದಿದ್ದವರು. ಗಾಡಿಗಳ ಮೇಲೆ ಗ್ವಾದಲಹಾರ, ತೆರುವೆಲ್ ಅಂತ ತಮ್ಮ ಯುದ್ಧದ ಊರುಗಳ ಹೆಸರು ಬರೆದುಕೊಂಡಿದ್ದರು. ಅವರನ್ನು ನೆನೆಯಲು ಫ್ರಾನ್ಸ್‌ಗೆ ಹಲವು ದಶಕ ಬೇಕಾಯಿತು.

ಲಕ್ಲೇರ್ ಅವರನ್ನು ಸಣ್ಣವರು ಮಾಡಲು ಇದನ್ನು ಬರೆಯುತ್ತಿಲ್ಲ. ಅವರ ನಕ್ಷತ್ರಗಳ ಹಿಂದೆ ಯಾರ ಬೆವರಿತ್ತು ಅನ್ನುವುದೂ ತಿಳಿದಿರಲಿ ಅಂತ. 1945ರ ಮೇನಲ್ಲಿ ಜರ್ಮನಿಯ ಬವೇರಿಯಾದಲ್ಲಿ, ಹಿಟ್ಲರನ ಎಸ್‌ಎಸ್ ಪಡೆಯ ಸಮವಸ್ತ್ರ ಹಾಕಿದ್ದ ಹನ್ನೆರಡು ಫ್ರೆಂಚ್ ಕೈದಿಗಳನ್ನು ಅವರ ಡಿವಿಷನ್‌ನವರು ವಿಚಾರಣೆ ಇಲ್ಲದೆ ಗುಂಡಿಕ್ಕಿ ಕೊಂದಿದ್ದೂ ಇದೆ. ಅದರಲ್ಲಿ ಅವರ ಪಾತ್ರ ಎಷ್ಟು ಅಂತ ಇತಿಹಾಸಕಾರರು ಇನ್ನೂ ಚರ್ಚೆ ಮಾಡುತ್ತಿದ್ದಾರೆ.

ತುಂಗಾತೀರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇರುಳುಹಕ್ಕಿ ಅವರು ಬರೆದಿದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಚಾಡ್‌ನಿಂದ ಹೊರಟವರು ಪ್ಯಾರಿಸ್ ನೋಡಲೇ ಇಲ್ಲ ಅಲ್ವಾ. ಯುದ್ಧ ಮುಗಿದ ಮೇಲೆ ಲಕ್ಲೇರ್ ಏನು ಮಾಡಿದರು? ಪ್ರತಿಮೆಯ ಜಾಗದಲ್ಲಿ 1944ರ ವಿಷಯ ಬಿಟ್ಟರೆ ನನಗೆ ಏನೂ ತಿಳಿಯಲಿಲ್ಲ.

ಹಳೇ ಫೌಜಿ:

ಅದನ್ನೂ ಹೇಳುತ್ತೇನೆ ತಂಗಿ, ನನ್ನ ಮಟ್ಟಿಗೆ ಅವರ ಅತಿ ಕಷ್ಟದ ಕೆಲಸ ಅದೇ.

1945ರ ಸೆಪ್ಟೆಂಬರ್ 2ರಂದು ಅಮೆರಿಕದ ಮಿಸ್ಸೌರಿ ಯುದ್ಧನೌಕೆಯ ಮೇಲೆ ಜಪಾನ್ ಶರಣಾದಾಗ ಫ್ರಾನ್ಸ್ ಪರ ಸಹಿ ಹಾಕಿದ್ದು ಲಕ್ಲೇರ್. ಅಲ್ಲಿಂದ ಫ್ರೆಂಚರ ವಸಾಹತಾಗಿದ್ದ ಇಂಡೋಚೀನಾ, ಅಂದರೆ ಇವತ್ತಿನ ವಿಯೆಟ್ನಾಂ ಕಡೆ. ಸೈಗಾನ್‌ನಲ್ಲಿ ಆಗ ಇದ್ದಿದ್ದು ನಮ್ಮವರೇ, ಜನರಲ್ ಗ್ರೇಸಿ ಅವರ 20ನೇ ಇಂಡಿಯನ್ ಡಿವಿಷನ್. ಜಪಾನೀಯರ ಆಯುಧ ಕಸಿಯಲು ಕಳಿಸಿದ್ದ ಭಾರತೀಯ ಸಿಪಾಯಿಗಳು, ಸ್ವಾತಂತ್ರ್ಯ ಕೇಳುತ್ತಿದ್ದ ವಿಯೆಟ್ನಾಮಿಗಳ ಮೇಲೆ ಗುಂಡು ಹಾರಿಸಬೇಕಾಯಿತು. ಅಕ್ಟೋಬರ್‌ನಲ್ಲಿ ಬಂದ ಲಕ್ಲೇರ್, ಗ್ರೇಸಿ ಅವರಿಂದ ಜವಾಬ್ದಾರಿ ತೆಗೆದುಕೊಳ್ಳುತ್ತಾ ಹೋದರು. ನಮ್ಮ ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಆ ಸಿಪಾಯಿಗಳ ಮನಸ್ಸಿನಲ್ಲಿ ಏನಿತ್ತೋ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಲಕ್ಲೇರ್ ಮೊದಲು ದಕ್ಷಿಣವನ್ನು ಬಲ ಹಾಕಿ ಹಿಡಿದರು. ಅಲ್ಲಿ ಅವರು ಸಾಮ್ರಾಜ್ಯದ ಸೇನಾಪತಿಯೇ, ಬೇರೆ ಮಾತಿಲ್ಲ. ಆದರೆ ನೆಲದ ಮೇಲೆ ನಿಂತು ನೋಡಿದ ಮೇಲೆ ಅರ್ಥವಾಯಿತು, ಇಡೀ ದೇಶವನ್ನು ಬಂದೂಕಿನಿಂದ ಹಿಡಿದಿಡಲು ಆಗುವುದಿಲ್ಲ, ವಿಯೆಟ್ನಾಮಿಗಳ ನಾಯಕ ಹೋ ಚಿ ಮಿನ್ ಜೊತೆ ಮಾತಾಡಲೇಬೇಕು ಅಂತ. 1946ರ ಮಾರ್ಚ್ 6ರ ಒಪ್ಪಂದಕ್ಕೆ ಬೆಂಬಲ ಕೊಟ್ಟರು, 18ರಂದು ಹನೋಯ್‌ಗೆ ಹೋಗಿ ಹೋ ಅವರನ್ನು ಭೇಟಿ ಮಾಡಿದರು. ಅವರ ಮೇಲಿದ್ದ ಅಡ್ಮಿರಲ್ ದಾರ್ಜಾಂಲ್ಯೂಗೆ ಇದು ಹಿಡಿಸಲಿಲ್ಲ. ಜುಲೈ ಹೊತ್ತಿಗೆ ಲಕ್ಲೇರ್ ಅಲ್ಲಿಂದ ಹೊರಟರು. ವರ್ಷ ಮುಗಿಯುವ ಮೊದಲೇ ಯುದ್ಧ ಹೊತ್ತಿಕೊಂಡಿತು, 1954ರವರೆಗೆ ಉರಿಯಿತು. ಅವರದೇ ಮಗ ಆಂರಿ 1952ರಲ್ಲಿ ಅದೇ ಯುದ್ಧದಲ್ಲಿ ಸತ್ತ.

ಅದನ್ನು ನೋಡಲು ತಂದೆ ಇರಲಿಲ್ಲ. 1947ರ ನವೆಂಬರ್ 28ರಂದು, ಉತ್ತರ ಆಫ್ರಿಕಾದ ಪಡೆಗಳ ಇನ್‌ಸ್ಪೆಕ್ಟರ್ ಆಗಿದ್ದಾಗ, ಅಲ್ಜೀರಿಯಾದ ಕೊಲೊಂ ಬೆಶಾರ್ ಹತ್ತಿರ ಅವರ ವಿಮಾನ ಬಿತ್ತು. ಯಾರೂ ಉಳಿಯಲಿಲ್ಲ. ಆಗ ಅವರಿಗೆ 45 ವರ್ಷ, ಹುಟ್ಟುಹಬ್ಬ ಕಳೆದು ಆರು ದಿನ ಆಗಿತ್ತು. ಮಾರ್ಷಲ್ ಗೌರವ ಬಂದಿದ್ದು ಸತ್ತ ಮೇಲೆ, 1952ರಲ್ಲಿ. ಫ್ರಾನ್ಸ್‌ನಲ್ಲಿ ಅತಿ ಹಿರಿಯ ದರ್ಜೆಯ ಜನರಲ್‌ಗೆ ಐದು ನಕ್ಷತ್ರ, ಮಾರ್ಷಲ್‌ಗೆ ಏಳು.

ನಿಮ್ಮ ರಸ್ತೆಯ ಇನ್ನೊಂದು ತುದಿ, ದಾಂಫೇರ್ ರೋಶ್ರೊ ಚೌಕದಲ್ಲಿ ಪ್ಯಾರಿಸ್ ಬಿಡುಗಡೆಯ ಮ್ಯೂಸಿಯಂ ಇದೆ. ಲಕ್ಲೇರ್ ಹೆಸರೂ ಅದಕ್ಕಿದೆ. ನಡೆದೇ ಹೋಗಬಹುದು.

ತುಂಗಾತೀರ:

ಶನಿವಾರ ಹೋಗುತ್ತೇನೆ ಸರ್. ಚಾಡ್‌ನವರ ಫೋಟೋಗಳು ಅಲ್ಲಿದ್ದರೆ ಮೊದಲು ಅವನ್ನೇ ಹುಡುಕುತ್ತೇನೆ, ಬಂದು ಇಲ್ಲೇ ಬರೆಯುತ್ತೇನೆ.