ಸಹಾಯ ಬೇಕು: ಪಸೇಟನ್ ಕಾಡಲ್ಲಿ ಟ್ರೇಲ್ ರಿಪೇರಿಗೆ ಹೋಗ್ತಿದ್ದೀನಿ (ಸಿಯಾಟಲ್ ಕಡೆಯವರು ನೋಡಿ)

ಎಲ್ಲರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಒಂದು ವಾರ ವಾಷಿಂಗ್ಟನ್ ರಾಜ್ಯದ ಪಸೇಟನ್ ವೈಲ್ಡರ್‌ನೆಸ್‌ಗೆ (ಕಾನೂನಿನಡಿ ಸಂರಕ್ಷಿತ ಕಾಡು) ಸ್ವಯಂಸೇವಕನಾಗಿ ಹೋಗ್ತಿದ್ದೀನಿ. ಕೆನಡಾ ಗಡಿ ಪಕ್ಕದಲ್ಲೇ ಸಾಗುವ ಬೌಂಡರಿ ಟ್ರೇಲ್ ಅನ್ನೋ ಕಾಲುದಾರಿಯಲ್ಲಿ ಕೆಲಸ. 2006ರ ಟ್ರೈಪಾಡ್ ಕಾಡ್ಗಿಚ್ಚು, 2017ರ ಡೈಮಂಡ್ ಕ್ರೀಕ್ ಬೆಂಕಿ ಎಲ್ಲ ಆ ಸೀಮೆಯನ್ನೇ ಸುಟ್ಟಿದ್ದು. ಬೆಂಕಿ ಆರಿದರೂ ಕಾಟ ಮುಗಿಯಲ್ಲ ನೋಡಿ. ಸತ್ತು ನಿಂತ ಮರಗಳ ಬೇರು ಕೊಳೆತು, ಪ್ರತಿ ಚಳಿಗಾಲದ ಗಾಳಿಗೆ ಒಂದಷ್ಟು ದಾರಿಗೆ ಅಡ್ಡ ಬೀಳ್ತವೆ.

1964ರ ವೈಲ್ಡರ್‌ನೆಸ್ ಕಾಯ್ದೆಯಿಂದಾಗಿ ಅಲ್ಲಿ ಸಾಮಾನ್ಯವಾಗಿ ಚೈನ್‌ಸಾ (ಮೋಟಾರ್ ಗರಗಸ) ಬಳಸೋ ಹಾಗಿಲ್ಲ. ಇಬ್ಬರು ಎರಡು ಕಡೆ ಹಿಡಿದು ಎಳೆಯೋ ಉದ್ದ ಗರಗಸವೇ ಗತಿ. ನಾನು ಕೀಬೋರ್ಡ್ ಕುಟ್ಟೋ ಆಸಾಮಿ! ಎಳೆಯಬೇಕು, ತಳ್ಳಬಾರದು ಅಂತ ಓದಿದ್ದೀನಿ. ಬಾಗಿ ಒತ್ತಡದಲ್ಲಿರೋ ದಿಮ್ಮಿ ಕೊಯ್ಯುವಾಗ ಗರಗಸ ಸಿಕ್ಕಿಹಾಕಿಕೊಳ್ಳದ ಹಾಗೆ ಏನು ಮಾಡ್ತೀರಿ? ಇಂಥ ತಂಡದಲ್ಲಿ ಕೆಲಸ ಮಾಡಿದವರು ಯಾರಾದರೂ ವಾರಾಂತ್ಯದಲ್ಲಿ ಒಮ್ಮೆ ಕೈಹಿಡಿದು ತೋರಿಸಿದರೆ ದೊಡ್ಡ ಉಪಕಾರ. ಗರಗಸ, ಹೆಲ್ಮೆಟ್ ತಂಡದವರೇ ಕೊಡ್ತಾರೆ.

ಕರಡಿಗೆ ತೆಗೆಯೋಕಾಗದ ಊಟದ ಡಬ್ಬಿ, ಅದೇ ಬೇರ್ ಕ್ಯಾನ್, ಯಾರ ಹತ್ತಿರವಾದರೂ ಇದ್ದರೆ ಸಾಲ ಕೊಡಿ. ನಾನು ಸಸ್ಯಾಹಾರಿ. ಅವಲಕ್ಕಿ, ಚಟ್ನಿಪುಡಿ ಬಿಟ್ಟು ಹಗುರವಾದದ್ದು, ಹೊಟ್ಟೆ ತುಂಬೋದು ಬೇರೇನು ಒಯ್ಯಬಹುದು ಹೇಳಿ. ಆ ಕಾಡಿನ ಕಡೆಯ ಊರು ವಿಂತ್ರೊಪ್‌ವರೆಗೆ ಕಾರಲ್ಲಿ ಜಾಗ ಇದೆ, ತಂಡದಲ್ಲೂ ಇನ್ನೂ ಜನ ಬೇಕಂತೆ. ಬರೋರು ಮೆಸೇಜ್ ಮಾಡಿ.