ಪಾಲ್ ಸೈಮನ್‌ ಅವರ ‘ಸೆವೆನ್ ಸಾಮ್ಸ್’: ಏಳನ್ನೂ ಒಟ್ಟಿಗೆ ಕೇಳೋದಾ, ನಿಲ್ಲಿಸಿ ನಿಲ್ಲಿಸಿ ಕೇಳೋದಾ?

ಕೋಲಾರ ಕೇಳುಗ: ಬರುವ ಭಾನುವಾರ ಸಂಜೆ ಕೋಲಾರದಲ್ಲಿ ಒಂದು ಸಣ್ಣ ಹಾಲ್‌ನಲ್ಲಿ ಮೂವತ್ತು ಜನ ಕೂತು ಪಾಲ್ ಸೈಮನ್ ಅವರ ‘ಸೆವೆನ್ ಸಾಮ್ಸ್’ ಕೇಳೋಣ ಅಂತ ಯೋಚನೆ ಇದೆ. ಗೊತ್ತಿಲ್ಲದವರಿಗೆ ಎರಡು ಮಾತು. ಸೈಮನ್ ಅಮೆರಿಕದ ಹಾಡುಗಾರರು, ಹಾಡು ಬರೆಯೋರು. ‘ಸೆವೆನ್ ಸಾಮ್ಸ್’ (ಏಳು ದೇವಸ್ತುತಿಗಳು) ಅವರ ಆಲ್ಬಮ್. ಇದು 2023ರ ಮೇ 19ರಂದು ಬಂತು, ಆಗ ಅವರಿಗೆ 81 ವರ್ಷ. ಒಟ್ಟು 33 ನಿಮಿಷ. ಭಾಗ ಏಳು, ಆದರೆ ಟ್ರ್ಯಾಕ್ ಒಂದೇ. ಬಹುಪಾಲು ಅವರ ಕಂಠ, ಅವರ ಗಿಟಾರ್. ಅವರ 1986ರ ಆಲ್ಬಮ್ ‘ಗ್ರೇಸ್‌ಲ್ಯಾಂಡ್’ ಕಾಲದಿಂದ ಕೇಳ್ತಿರೋ ಹಳೇ ಅಭಿಮಾನಿಗಳೇ “ಇದರಲ್ಲಿ ಗುನುಗೋಕೆ ಒಂದು ಹಾಡೂ ಇಲ್ಲ” ಅಂತಿದ್ದಾರೆ. ಅದಕ್ಕೇ ನನ್ನ ಸಲಹೆ: ಒಂದೊಂದು ಭಾಗ ಮುಗಿದ ಮೇಲೂ ನಿಲ್ಲಿಸಿ, ಕನ್ನಡದಲ್ಲಿ ಅರ್ಥ ಹೇಳಿ, ಮುಂದಿನದಕ್ಕೆ ಹೋಗೋಣ. ಏನಂತೀರಿ?

ಮುಳಬಾಗಿಲು ರಸಿಕ: ದಯವಿಟ್ಟು ನಿಲ್ಲಿಸಬೇಡಿ ಸಾರ್. ಅವರು ಏಳು ಟ್ರ್ಯಾಕ್ ಮಾಡದೆ ಒಂದೇ ಮಾಡಿದ್ದು ಸುಮ್ಮನೆ ಅಲ್ಲ. ನಮ್ಮೂರ ಶ್ರೀಪಾದರಾಯರ ಸುಳಾದಿ, ಅಂದರೆ ಹಲವು ತಾಳಗಳಲ್ಲಿ ಕಟ್ಟಿದ ದಾಸರ ಹಾಡು, ನೆನಪು ಮಾಡ್ಕೊಳ್ಳಿ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ, ಏಕ ಅಂತ ಖಂಡದಿಂದ ಖಂಡಕ್ಕೆ ತಾಳ ಬದಲಾಗ್ತಾ ಹೋಗುತ್ತೆ, ಪಲ್ಲವಿ ಅನ್ನೋದೇ ಇರಲ್ಲ, ಕೊನೆಗೆ ‘ಜತೆ’ ಅನ್ನೋ ಎರಡು ಸಾಲು ಬಂದು ಎಲ್ಲವನ್ನೂ ಕಟ್ಟುತ್ತೆ. ಸುಳಾದಿಯನ್ನು ನಡುವೆ ನಿಲ್ಲಿಸಿ ಅರ್ಥ ಹೇಳಿದರೆ ತಾಳದಿಂದ ತಾಳಕ್ಕೆ ದಾಟೋ ಸುಖವೇ ಹೋಯ್ತು. ಇಲ್ಲೂ ಹಾಗೇ. ಏಳನೆಯ ಭಾಗದ ಕೊನೆಗೆ ಬರೋ ‘ಆಮೆನ್’ ಅನ್ನೋ ಒಂದೇ ಪದಕ್ಕೆ ಆ ‘ಜತೆ’ಯ ತೂಕ ಇದೆ. ಆ ತೂಕ ಬರೋದು ಹಿಂದಿನ ಮೂವತ್ತು ಚಿಲ್ಲರೆ ನಿಮಿಷ ಕಿವಿಯಲ್ಲಿ ಇದ್ದಾಗ ಮಾತ್ರ.

ಚಿಂತಾಮಣಿ ಭಜನೆ: ಅಣ್ಣಾ, ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಕೂರುತ್ತೆ. ಸುಳಾದಿಯಲ್ಲಿ ಖಂಡಗಳನ್ನು ಬೇರೆ ಮಾಡೋದು ತಾಳ. ಸೈಮನ್ ಅವರಲ್ಲಿ ತಾಳ ಅಷ್ಟು ಎದ್ದು ಕಾಣಲ್ಲ. ಮೊದಲ ಭಾಗ ‘ದ ಲಾರ್ಡ್’ ಇದೆಯಲ್ಲ, ಅದರ ಎಳೆ ನಡುನಡುವೆ ಮತ್ತೆ ಬರುತ್ತೆ. ಅದು ಭಜನೆ ಮೇಳದಲ್ಲಿ ಪಲ್ಲವಿ ತಿರುಗಿ ಬಂದ ಹಾಗೆ. ಕೈವಾರ ತಾತಯ್ಯನವರ ತತ್ವಪದ ಹಾಡುವಾಗ ಮುಂದಾಳು ಚರಣ ಹೇಳ್ತಾನೆ, ಪಲ್ಲವಿಗೆ ಬಂದಾಗ ಮೇಳ ಎಲ್ಲಾ ಸೇರುತ್ತೆ. ಚರಣಕ್ಕೂ ಪಲ್ಲವಿಗೂ ಅಲ್ಲಿ ಒಂದು ನಿಮಿಷದ ಅಂತರ, ಇಲ್ಲಿ ಎಷ್ಟೋ ನಿಮಿಷಗಳ ಅಂತರ. ಅಷ್ಟು ದೂರ ಇರೋದ್ರಿಂದಲೇ ಜನಕ್ಕೆ “ಪಲ್ಲವಿ ಇಲ್ಲ” ಅನ್ನಿಸುತ್ತೆ. ಮೊದಲೇ ಹೇಳಿಟ್ಟರೆ ಹಿಡೀತಾರೆ.

ಮುಳಬಾಗಿಲು ರಸಿಕ: ಒಪ್ಪಿದೆ. ಕನ್ನಡ ಬೈಬಲ್ಲಿನಲ್ಲಿ ಸಾಮ್ಸ್ ಅನ್ನೋದಕ್ಕೆ ‘ಕೀರ್ತನೆಗಳು’ ಅಂತಲೇ ಹೆಸರು, ಒಟ್ಟು 150. ಹಾಗಂತ ದಾಸರ ಕೀರ್ತನೆ ಅಂದ್ಕೊಂಡು ಬಂದವರು ಪಲ್ಲವಿ, ಅನುಪಲ್ಲವಿ, ಚರಣ ಹುಡುಕ್ತಾರೆ, ಸಿಗಲ್ಲ. ಪೋಸ್ಟರ್‌ನಲ್ಲಿ ‘ಏಳು ಕೀರ್ತನೆಗಳು’ ಅಂತ ಹಾಕೋದಾದರೆ ಕೆಳಗೆ ‘ದಾವೀದನ ಕೀರ್ತನೆಗಳ ಜಾಡಿನಲ್ಲಿ’ ಅಂತ ಒಂದು ಸಾಲು ಸೇರಿಸಿ.

ಕೆಜಿಎಫ್ ಗಿಟಾರ್: ಗುನುಗೋಕೆ ಏನೂ ಇಲ್ಲ ಅನ್ನೋರು ಕಂಠವನ್ನಷ್ಟೇ ಹಿಂಬಾಲಿಸ್ತಿದ್ದಾರೆ. ಇಲ್ಲಿ ದಾರ ಇರೋದು ಗಿಟಾರ್‌ನಲ್ಲಿ, ಅದರಲ್ಲೂ ಹೆಬ್ಬೆರಳಲ್ಲಿ. ಹೆಬ್ಬೆರಳು ಕೆಳಗಿನ ದಪ್ಪ ತಂತಿಗಳ ಮೇಲೆ ಒಂದೇ ಸಮನೆ ನಡೀತಿರುತ್ತೆ, ತೋರುಬೆರಳು ನಡುಬೆರಳು ಮೇಲೆ ರಾಗ ಎತ್ತುತ್ತವೆ. ಈ ಕೈಚಳಕದ ತಾಯಿಬೇರು ಬ್ರಿಟಿಷ್ ಗಿಟಾರ್ ವಾದಕ ಡೇವಿ ಗ್ರಹಾಂ ಅವರ ‘ಅಂಜಿ’. ಸೈಮನ್ ಅದನ್ನು 1966ರ ‘ಸೌಂಡ್ಸ್ ಆಫ್ ಸೈಲೆನ್ಸ್’ ಆಲ್ಬಮ್‌ನಲ್ಲೇ ನುಡಿಸಿದ್ದಾರೆ. ಅದರ ಬಾಸ್ ಎ, ಜಿ, ಎಫ್, ಇ ಅಂತ ಇಳಿಯುತ್ತೆ. ಎ ಅನ್ನು ಷಡ್ಜ ಅಂತ ಇಟ್ಕೊಂಡರೆ ಸ, ನಿ, ದ, ಪ. ನಮ್ಮವರಿಗೆ ನಟಭೈರವಿ ರಾಗ ಅಂದರೆ ತಕ್ಷಣ ಗೊತ್ತಾಗುತ್ತೆ.

ನುಡಿಸಿ ನೋಡೋರಿಗೆ: ಮೊದಲು ಹೆಬ್ಬೆರಳು ಒಂದನ್ನೇ, ನಿಮಿಷಕ್ಕೆ 60 ಪೆಟ್ಟಿನಲ್ಲಿ, ಎರಡು ಮೂರು ದಿನ. ಆಮೇಲೆ ಮೇಲಿನ ತಂತಿಯ ಒಂದೇ ಸ್ವರ ಸೇರಿಸಿ. ತಪ್ಪಾಗೋದು ಇಲ್ಲೇ: ತೋರುಬೆರಳು ಬಂದ ಕೂಡಲೇ ಹೆಬ್ಬೆರಳು ಅದಕ್ಕೆ ಕಾದು ನಿಲ್ಲುತ್ತೆ. ಕಾಯಬಾರದು. ಮೇಲಿನ ಸ್ವರ ತಪ್ಪಿದರೂ ಪರವಾಗಿಲ್ಲ, ಕೆಳಗಿನ ನಡೆ ತಪ್ಪಬಾರದು. ಸಭೆಯಲ್ಲಿ ಯಾರಾದರೂ ಇಷ್ಟನ್ನು ಎರಡು ನಿಮಿಷ ನುಡಿಸಿ ತೋರಿಸಿಬಿಟ್ಟರೆ, ಆಮೇಲೆ 33 ನಿಮಿಷದಲ್ಲಿ ಎಲ್ಲಿ ಗಿಟಾರ್ ತನ್ನ ಮೊದಲ ಜಾಡಿಗೆ ವಾಪಸ್ ಬಂತು ಅಂತ ಕಿವಿ ತಾನೇ ಹುಡುಕುತ್ತೆ.

ಕೋಲಾರ ಕೇಳುಗ: ಅರ್ಥದ ಕಥೆ ಏನು ಮಾಡೋಣ? ‘ದ ಲಾರ್ಡ್’ ಭಾಗದಲ್ಲಿ ದೇವರನ್ನು ಎಂಜಿನಿಯರ್ ಅಂತಾರೆ, ಕೋವಿಡ್ ವೈರಸ್ಸೂ ಅವನೇ ಅಂತಾರೆ, ಏರ್ತಿರೋ ಸಮುದ್ರವೂ ಅವನೇ ಅಂತಾರೆ. ವಿವರಣೆ ಇಲ್ಲದೆ ಕೇಳಿಸಿದರೆ ಕೆಲವರು ಬೇಜಾರು ಮಾಡ್ಕೋಬಹುದು.

ಚಿಂತಾಮಣಿ ಭಜನೆ: ನಿಂದಾಸ್ತುತಿ ಕೇಳಿ ಬೆಳೆದ ಜನ ನಾವು, ಬೇಜಾರು ಯಾಕಣ್ಣಾ? ದಾಸರು ದೇವರನ್ನು ಬೈದಷ್ಟು ಯಾರು ಬೈದಿದ್ದಾರೆ?

ಶ್ರೀನಿವಾಸಪುರ ವೀಣೆ: ನಿಂದಾಸ್ತುತಿ ಅಂತ ಕರೆಯೋದು ನನಗೆ ಸರಿ ಕಾಣಲಿಲ್ಲ. ನಿಂದಾಸ್ತುತಿಯಲ್ಲಿ ಬೈಗುಳದ ಒಳಗೆ ಸಲುಗೆ ಇರುತ್ತೆ, ಭಕ್ತನಿಗೆ ತನ್ನ ದೇವರು ಯಾರು ಅಂತ ಖಾತ್ರಿ ಇರುತ್ತೆ. ಸೈಮನ್ ಅವರಿಗೆ ಆ ಖಾತ್ರಿ ಇಲ್ಲ, ಇದೆ ಅಂತ ನಟಿಸೋದೂ ಇಲ್ಲ. ಕಾಪಾಡೋದು, ಕೊಲ್ಲೋದು ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡ್ತಾರೆ. ಬೈಬಲ್ಲಿನ 23ನೆಯ ಕೀರ್ತನೆ ದೇವರನ್ನು ಕುರುಬ ಅನ್ನುತ್ತೆ, 22ನೆಯದು ನನ್ನ ಕೈ ಯಾಕೆ ಬಿಟ್ಟೆ ಅಂತ ಕೂಗುತ್ತೆ. ಎರಡೂ ಅಕ್ಕಪಕ್ಕದಲ್ಲೇ ಇವೆ. ಈ ಆಲ್ಬಮ್ ನಿಂತಿರೋದು ಆ ಎರಡರ ನಡುವೆ.

ಇನ್ನೊಂದು ಮಾತು. 2019ರ ಜನವರಿ 15ರ ರಾತ್ರಿ ಕನಸಿನಲ್ಲಿ ಈ ಹೆಸರು ಬಂತು, ಆಮೇಲೆ ವಾರಕ್ಕೆ ಎರಡು ಮೂರು ಸಲ ಬೆಳಗಿನ ಜಾವ ಮೂರೂವರೆಯಿಂದ ಐದರೊಳಗೆ ಎಚ್ಚರವಾಗಿ ಸಾಲುಗಳು ಬರ್ತಿದ್ದವು ಅಂತ ಅವರೇ ಹೇಳಿದ್ದಾರೆ. ಇದನ್ನು ಹಿಡ್ಕೊಂಡು ಅವರನ್ನು ಸಂತ ಮಾಡಬೇಡಿ. ಹೆಸರು ಕನಸಲ್ಲಿ ಬಂದಿರಬಹುದು. ಸಂಗೀತ ಕಟ್ಟೋಕೆ ಮೂರು ವರ್ಷದ ಮೇಲೆ ಹಿಡೀತು. ಆ ದುಡಿಮೆಗೂ ಗೌರವ ಸಲ್ಲಬೇಕು.

ಬಂಗಾರಪೇಟೆ ಸೌಂಡ್: ನಾನು ಹಾಲ್ ವಿಷಯಕ್ಕೆ ಬರ್ತೀನಿ, ಇಲ್ಲಿ ಎಡವಿದರೆ ಮಿಕ್ಕಿದ್ದೆಲ್ಲಾ ವ್ಯರ್ಥ. ಈ ರೆಕಾರ್ಡಿಂಗ್ ತುಂಬಾ ಮೆಲ್ಲಗಿದೆ. ತಂತಿಯ ಮೇಲೆ ಬೆರಳು ಜಾರೋ ಸಣ್ಣ ಕೀರಲು ಸದ್ದು, ಸಾಲಿನ ಕೊನೆಯಲ್ಲಿ ಉಸಿರು ಎಳ್ಕೊಳ್ಳೋದು, ಇವೆಲ್ಲಾ ಅದರ ಜೀವ. ಫ್ಯಾನ್ ಮೂರರ ಮೇಲೆ ಓಡ್ತಿದ್ದರೆ ಒಂದೂ ಕೇಳಲ್ಲ. ಆರು ಗಂಟೆ ಮೇಲೆ ಇಡಿ, ಕಿಟಕಿ ತೆಗೆದಿಟ್ಟು ಹಾಲ್ ತಣ್ಣಗಾಗಲಿ, ಶುರುವಾಗೋ ಮುಂಚೆ ಕಿಟಕಿ ಹಾಕಿ ಫ್ಯಾನ್ ಆರಿಸಿ. 33 ನಿಮಿಷ ತಡ್ಕೋಬಹುದು.

ಮೂವತ್ತು ಜನಕ್ಕೆ ಎಂಟು ಇಂಚಿನ ಪವರ್ಡ್ ಸ್ಪೀಕರ್ ಎರಡು ಸಾಕು. ಸ್ಟ್ಯಾಂಡ್ ಮೇಲೆ, ಕೂತವರ ಕಿವಿಯ ಎತ್ತರಕ್ಕೆ, ಅಂದರೆ ನಾಲ್ಕು ಅಡಿ ಹತ್ತಿರ. ಮೂಲೆಗೆ ಒತ್ತಬೇಡಿ, ಗೋಡೆಯಿಂದ ಮೂರು ಅಡಿಯಾದರೂ ಮುಂದೆ ಇರಲಿ. ಮೂಲೆಯಲ್ಲಿಟ್ಟರೆ ಬಾಸ್ ಉಬ್ಬಿ, ಗಿಟಾರ್ ಅಣ್ಣ ಹೇಳಿದ ಹೆಬ್ಬೆರಳ ನಡೆ ಬರೀ ಗುಡುಗಾಗುತ್ತೆ. ಶಾಮಿಯಾನದ ಕೆಳಗೆ ಕಟ್ಟೋ ಹಾರ್ನ್ ಅಂತೂ ಬೇಡವೇ ಬೇಡ.

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ. ಚಾರ್ಜರ್ ಸಿಕ್ಕಿಸಿದ್ದರೆ ಅರ್ತಿಂಗ್‌ನಿಂದ ಗುಂಯ್ ಅನ್ನೋ ಸದ್ದು ಸೇರುತ್ತೆ. ಅದು 50 ಹರ್ಟ್ಸ್, ಜೊತೆಗೆ 100 ಹರ್ಟ್ಸ್. ಗಿಟಾರ್‌ನ ಎ ತಂತಿ 110. ಪಕ್ಕದಲ್ಲೇ ಕೂತು ಕೆಡಿಸುತ್ತೆ. ಫೋನ್‌ನಿಂದ ಹಾಕೋದಾದರೆ ಮೊದಲೇ ಡೌನ್‌ಲೋಡ್ ಮಾಡಿ ಏರೋಪ್ಲೇನ್ ಮೋಡ್‌ಗೆ ಹಾಕಿ. 320 ಕೆಬಿಪಿಎಸ್‌ನಲ್ಲಿ 33 ನಿಮಿಷಕ್ಕೆ ಸುಮಾರು 79 ಎಂಬಿ ಆಗುತ್ತೆ, ಡೇಟಾ ಉಳಿಸೋಕೆ 96ಕ್ಕೆ ಇಳಿಸಿದರೆ ಸುಮಾರು 24. ಇಳಿಸಬೇಡಿ. ವೋಸೆಸ್8 ಅನ್ನೋ ಬ್ರಿಟಿಷ್ ಗಾಯನ ತಂಡ ಹಾಡೋ ಕಡೆ ಎಲ್ಲಾ ಕಂಠಗಳೂ ಕಲಸಿ ಸರಸರ ಅನ್ನಿಸುತ್ತೆ.

ವಾಲ್ಯೂಮ್ ಇಡೋ ಕ್ರಮ: ಅತಿ ಮೆಲ್ಲಗಿರೋ ಜಾಗ ಹಾಕಿ, ಕೊನೇ ಸಾಲಿನಲ್ಲಿ ನೀವೇ ಕೂತು, ಪದ ಸ್ಪಷ್ಟವಾಗೋ ತನಕ ಏರಿಸಿ. ಆಮೇಲೆ ಮುಗಿಯೋ ತನಕ ನಾಬ್ ಮುಟ್ಟಬೇಡಿ.

ಗೌರಿಬಿದನೂರು ಎಲ್‌ಪಿ: ಎಲ್‌ಪಿ (ಗ್ರಾಮಫೋನ್ ತಟ್ಟೆ) ಹಾಕೋಣ ಅಂತ ಯಾರಾದರೂ ಹೇಳೋ ಮುಂಚೆ ನಾನೇ ಹೇಳಿಬಿಡ್ತೀನಿ, ಈ ಸಲ ಬೇಡ. ಎಲ್‌ಪಿಯ ಒಂದು ಮೈಯಲ್ಲಿ ಚೆನ್ನಾಗಿ ಹಿಡಿಯೋದು 22 ನಿಮಿಷದ ಹತ್ತಿರ. ಅದಕ್ಕಿಂತ ತುರುಕಿದರೆ ಗೆರೆ ಕಿರಿದಾಗಿ ಸದ್ದು ಇಳಿಯುತ್ತೆ. 33 ನಿಮಿಷ ಅಂದ ಮೇಲೆ ತಿರುವಿ ಹಾಕಲೇಬೇಕು.

ಸ್ಟೀರಿಯೊ ಬಗ್ಗೆ ಒಂದು ಪ್ರಶ್ನೆ. ಎರಡು ಸ್ಪೀಕರ್ ಅಂದರೆ ಎಡಗಡೆ ಕೂತವರಿಗೆ ಎಡದ್ದೇ ಜಾಸ್ತಿ ಕೇಳುತ್ತೆ. ಎರಡರಲ್ಲೂ ಒಂದೇ ಸದ್ದು ಬರೋ ಹಾಗೆ ಮೊನೊ ಮಾಡಿಬಿಟ್ಟರೆ?

ಬಂಗಾರಪೇಟೆ ಸೌಂಡ್: ನನ್ನ ವೋಟು ಮೊನೊಗೆ. ಮೂವತ್ತು ಜನರಲ್ಲಿ ನಡುವೆ ಕೂರೋರು ನಾಲ್ಕೈದು ಜನ ಮಾತ್ರ.

ಕೆಜಿಎಫ್ ಗಿಟಾರ್: ನನ್ನದು ಸ್ಟೀರಿಯೊಗೆ. ಮೊದಲಲ್ಲಿ ಗಂಟೆಯಂಥ ನಾದ ತೇಲಿ ಬರುತ್ತಲ್ಲ, ಅದಕ್ಕೆ ಜಾಗ ಬೇಕು. 2016ರ ‘ಸ್ಟ್ರೇಂಜರ್ ಟು ಸ್ಟ್ರೇಂಜರ್’ ಸಮಯದಿಂದ ಸೈಮನ್ ಅವರಿಗೆ ಅಮೆರಿಕದ ಸಂಗೀತ ಸಂಯೋಜಕ ಹ್ಯಾರಿ ಪಾರ್ಚ್ ಅವರ ವಾದ್ಯಗಳ ಹುಚ್ಚು ಹಿಡಿದಿದೆ. ಸ್ಥಾಯಿಯೊಂದನ್ನು 43 ಸ್ವರಗಳಾಗಿ ಹಂಚಿದ ಮನುಷ್ಯ ಪಾರ್ಚ್. ಅವರ ‘ಕ್ಲೌಡ್ ಚೇಂಬರ್ ಬೌಲ್ಸ್’ ಅಂದರೆ ಪ್ರಯೋಗಾಲಯದ ದೊಡ್ಡ ಪೈರೆಕ್ಸ್ ಗಾಜಿನ ಜಾಡಿಗಳನ್ನು ಅಡ್ಡ ಕತ್ತರಿಸಿ, ತಲೆಕೆಳಗಾಗಿ ನೇತುಹಾಕಿ, ಅಂಚಿಗೆ ಮೆತ್ತನೆ ಕೋಲಿನಿಂದ ತಟ್ಟೋದು. ಗಾಜು ಒಡೆದರೆ ಅದೇ ಸ್ವರದ ಇನ್ನೊಂದು ಸಿಗೋದು ಕಷ್ಟ. ಅಂಥ ನಾದದ ಗುಂಗನ್ನು ಮೊನೊದಲ್ಲಿ ಚಪ್ಪಟೆ ಮಾಡೋದು ಬೇಡ.

ಶ್ರೀನಿವಾಸಪುರ ವೀಣೆ: ಈ ಆಲ್ಬಮ್ ಮಾಡ್ತಿದ್ದಾಗಲೇ ಸೈಮನ್ ಅವರ ಎಡಗಿವಿ ಬಹುಮಟ್ಟಿಗೆ ಹೋಯ್ತು. ಒಂದೇ ಕಿವಿ ಇದ್ದರೆ ಸದ್ದು ಎಲ್ಲಿಂದ ಬಂತು ಅನ್ನೋದು ತಿಳಿಯೋದು ಕಷ್ಟ, ಗದ್ದಲದ ನಡುವೆ ಒಂದು ಕಂಠವನ್ನು ಬಿಡಿಸಿಕೊಳ್ಳೋದೂ ಕಷ್ಟ. 2018ರ ಸೆಪ್ಟೆಂಬರ್‌ನಲ್ಲೇ ವಿದಾಯದ ಪ್ರವಾಸ ಮುಗಿಸಿದ್ದವರು, 2025ರಲ್ಲಿ ಮತ್ತೆ ವೇದಿಕೆಗೆ ಬಂದರು. ಮೊದಲರ್ಧದಲ್ಲಿ ಈ ಏಳನ್ನೂ ಪೂರ್ತಿ ಹಾಡಿ, ಹಳೆಯ ಹಾಡುಗಳನ್ನು ಎರಡನೆಯ ಅರ್ಧಕ್ಕೆ ಇಟ್ಟರು. ಕೋಲಾರ ಕೇಳುಗ ಸಾರ್, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ, ವೇದಿಕೆಯ ಮೇಲೂ ಅವರು ಅದನ್ನು ಒಡೆಯಲಿಲ್ಲ.

ನಮ್ಮ ಸಭೆಗೂ ಒಂದು ಕಿವಿ ಮಂದ ಇರೋ ಹಿರಿಯರು ಬರಬಹುದು. ಅವರಿಗೆ ಸ್ಪೀಕರ್ ಹತ್ತಿರ, ಒಳ್ಳೆ ಕಿವಿ ಸ್ಪೀಕರ್ ಕಡೆ ಇರೋ ಹಾಗೆ ಕುರ್ಚಿ ಹಾಕಿ. ಮನೆಯಲ್ಲಿ ಇಯರ್‌ಫೋನಿನಲ್ಲಿ ಕೇಳೋರಾದರೆ ಫೋನಿನ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿಗೆ ಹೋಗಿ ಮೊನೊ ಆಡಿಯೊ ಆನ್ ಮಾಡ್ಕೋಬೇಕು, ಇಲ್ಲವಾದರೆ ಕೇಳದ ಕಿವಿಯ ಕಡೆ ಹೋದದ್ದೆಲ್ಲಾ ನಷ್ಟ.

ಗೌರಿಬಿದನೂರು ಎಲ್‌ಪಿ: ಇಷ್ಟೆಲ್ಲಾ ಹೊಗಳಿದ ಮೇಲೆ ನನ್ನ ತಕರಾರೂ ಇರಲಿ. ಮೂರನೆಯ ಭಾಗ ‘ಮೈ ಪ್ರೊಫೆಷನಲ್ ಒಪಿನಿಯನ್’ ಬ್ಲೂಸ್ ಧಾಟಿಗೆ ಹೊರಳುತ್ತೆ, ಮೊದಲೆರಡು ಭಾಗ ಕಟ್ಟಿದ ಮೌನ ಅಲ್ಲಿ ಚದುರುತ್ತೆ.

ಚಿಂತಾಮಣಿ ಭಜನೆ: ಹಸು ಬರೋದು ಅಲ್ಲೇ ಅಲ್ವಾ ಸಾರ್? ಎರಡು ಹಸು ಮಾತಾಡ್ಕೊಳ್ತಾ ಒಂದು ಇನ್ನೊಂದನ್ನು ಬೈಯುತ್ತೆ, ಆ ತಪ್ಪು ದೇಶದಲ್ಲಿರೋ ಹಸುಗಳಿಗೆಲ್ಲಾ ಅಂಟುತ್ತೆ. ಹಾಲಿನ ಡೇರಿ ಇಲ್ಲದ ಹಳ್ಳಿ ನಮ್ಮ ಕಡೆ ಅಪರೂಪ, ಈ ಭಾಗಕ್ಕೆ ವಿವರಣೆಯೇ ಬೇಡ. ಒಬ್ಬನ ಮಾತಿಗೆ ಇಡೀ ಜನವನ್ನು ದೂರೋ ಕಾಲ ಇದು. ದೇವರನ್ನು ಕೇಳೋ ಮುಂಚೆ ಮನುಷ್ಯರ ಜಗಳವನ್ನು ಒಮ್ಮೆ ನೋಡಲೇಬೇಕು. ಆ ಚದುರುವಿಕೆ ಬೇಕಾಗಿಯೇ ಇದೆ.

ಕೋಲಾರ ಕೇಳುಗ: ಸರಿ, ನಿಲ್ಲಿಸೋ ಯೋಚನೆ ಬಿಟ್ಟೆ. ಹೀಗೆ ಮಾಡ್ತೀನಿ. ಆರೂವರೆಗೆ ಹತ್ತು ನಿಮಿಷ ಮುನ್ನುಡಿ: ಹೆಬ್ಬೆರಳಿನ ನಡೆ ಎರಡು ನಿಮಿಷ ಗಿಟಾರ್‌ನಲ್ಲಿ, ‘ದ ಲಾರ್ಡ್’ ಮತ್ತೆ ಬರುತ್ತೆ ಅನ್ನೋ ಸೂಚನೆ, ಏಳು ಭಾಗಕ್ಕೂ ಒಂದೊಂದು ಸಾಲಿನ ಕನ್ನಡ ಸಾರಾಂಶ ಇರೋ ಅರ್ಧ ಹಾಳೆ. ಆರನೆಯ ಭಾಗ ‘ದ ಸೇಕ್ರೆಡ್ ಹಾರ್ಪ್’ ಅಂದರೆ 1844ರ ಅದೇ ಹೆಸರಿನ ಹಾಡಿನ ಪುಸ್ತಕ ಅಂತ ಬರೀಲಾ?

ಮುಳಬಾಗಿಲು ರಸಿಕ: ಬೇಡ. ಹಾಡಿನೊಳಗೆ ಇರೋದು ದಾವೀದ ನುಡಿಸಿದ ಕಿನ್ನರಿ. ಅಮೆರಿಕದ ದಕ್ಷಿಣದ ಆ ಪುಸ್ತಕದ ನೆನಪು ಹೆಸರಿನಲ್ಲಿ ಸುಳಿಯಬಹುದು, ಸಾರಾಂಶದಲ್ಲಿ ದಾವೀದನನ್ನೇ ಬರೀರಿ. ಏಳನೆಯದಕ್ಕೆ ‘ತಡಿ, ನಾನಿನ್ನೂ ಸಿದ್ಧವಿಲ್ಲ’ ಅಂತ ಬರೆದರೆ ಸಾಕು. ಅಲ್ಲಿ ಬರೋ ಹೆಣ್ಣುಕಂಠ ಅವರ ಹೆಂಡತಿ ಈಡೀ ಬ್ರಿಕೆಲ್ ಅವರದು, ಅದನ್ನೂ ತಿಳಿಸಿ. ಲೋಕ ಬಿಟ್ಟು ಹೋಗೋರಿಗೆ ಉತ್ತರ ಕೊಡೋ ದನಿ ಯಾರದು ಅಂತ ಗೊತ್ತಿದ್ದರೆ ಆ ಆಮೆನ್ ಬೇರೆಯೇ ಆಗಿ ಕೇಳುತ್ತೆ.

ಬಂಗಾರಪೇಟೆ ಸೌಂಡ್: ಹಾಳೆ ದಪ್ಪ ಇರಲಿ, ತೆಳು ಹಾಳೆ ಮೂವತ್ತು ಜನರ ಕೈಯಲ್ಲಿ ಪರಪರ ಅನ್ನುತ್ತೆ. ಮೊನೊನಾ ಸ್ಟೀರಿಯೊನಾ ಅನ್ನೋದನ್ನ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಹಾಲ್‌ಗೆ ಬಂದು ಎರಡೂ ಹಾಕಿ ನೋಡೋಣ. ಕೆಜಿಎಫ್ ಅಣ್ಣ, ನೀವು ಕೊನೇ ಸಾಲಿನ ಎಡ ಮೂಲೆಯಲ್ಲಿ ಕೂತು ಹೇಳಬೇಕು.